ಕೊನೆಗೆ ಬರೆದ ಮೇಲಿನ ಎಳೆ

ಸಾಗರದಿಂದ ಕಾರ್ಗಲ್ ಕಡೆಗೆ ಹೋಗುವ ಬಸ್ಸಿನಲ್ಲಿ ಬಂದು ಹಾರೆಕೊಪ್ಪದ ಕ್ರಾಸಿನಲ್ಲಿ ಇಳಿದು ಗುತ್ಯಮ್ಮನ ಮನೆ ಯಾವುದು ಎಂದು ಕೇಳಿದರೆ, "ಯಾವ ಗುತ್ಯಮ್ಮ? ಹಸೆ ಗುತ್ಯಮ್ಮನಾ?" ಎಂಬ ಮರುಪ್ರಶ್ನೆ ಬರುತ್ತದೆ. ಊರಿನಲ್ಲಿ ಇನ್ನಿಬ್ಬರು ಗುತ್ಯಮ್ಮಂದಿರಿದ್ದಾರೆ. ಆದರೆ ಹೊರಗಿನವರು ಹುಡುಕಿಕೊಂಡು ಬರುವುದು ಇವಳೊಬ್ಬಳನ್ನೇ.

ಇಲ್ಲಿಯ ದೀವರ ಸಮುದಾಯದ ಮದುವೆಯಲ್ಲಿ ಗಂಡಿನ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಇರಬೇಕು. ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿಸಿ, ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಅದನ್ನು ಬರೆಯುತ್ತಾರೆ. ಮದುಮಕ್ಕಳು ಅದರ ಮುಂದೆ ಕೂರುತ್ತಾರೆ. ಚಿತ್ತಾರ 'ಬಿಡಿಸುವುದು' ಎಂದರೆ ಗುತ್ಯಮ್ಮನಿಗೆ ಸಿಟ್ಟು. ಅದು ಬರೆಯುವಂಥದ್ದು. ಬರೆಯುವುದಕ್ಕೂ ಅವಳದೊಂದು ಕ್ರಮವಿತ್ತು. ಮೊದಲು ಹೊರಗಿನ ಚೌಕ, ನಾಲ್ಕೂ ಬದಿಯ ಎಳೆಗಳು. ಮೇಲಿನ ಎಳೆಯನ್ನು ಕುಂಚ ಎತ್ತದೆ ಒಂದೇ ಉಸಿರಿಗೆ ಎಳೆಯಬೇಕು. ಚೌಕ ಮುಗಿದ ಮೇಲಷ್ಟೇ ಒಳಗಿನ ಬಾಸಿಂಗ, ಹೆಣೆದ ಜಡೆಯಂಥ ಜೋಗಿಜಡೆ, ಭತ್ತದ ತೆನೆ. ಅತ್ತೆ ಕಲಿಸಿದ ಈ ಕ್ರಮವನ್ನು ಅವಳು ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುರಿದಿರಲಿಲ್ಲ.

ಅವಳ ಐವತ್ಮೂರನೆಯ ವಯಸ್ಸಿನಲ್ಲಿ ಅದನ್ನು ಮುರಿಯಬೇಕಾಗಿ ಬಂದದ್ದು ಹೇಗೆ ಎಂಬುದೇ ಇಲ್ಲಿ ಹೇಳಬೇಕಾಗಿರುವ ವಿಷಯ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಬಿಪಿ, ಶುಗರ್ ನೋಡುತ್ತಾರೆಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳಿ ಹೋಗಿದ್ದಳು. ಗುತ್ಯಮ್ಮನೂ ಹೋದಳು. ಅಲ್ಲಿನ ಆರೋಗ್ಯಾಧಿಕಾರಿ ಸೌಜನ್ಯ, ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಕಡೆಯ ಇಪ್ಪತ್ತೇಳರ ಹುಡುಗಿ. ಬಿಪಿ ಪಟ್ಟಿ ಬಿಚ್ಚಿದ ಮೇಲೆ ಅವಳು ಗುತ್ಯಮ್ಮನನ್ನು ಪರದೆಯ ಹಿಂದೆ ಕರೆದಳು.

"ಅಲ್ಲೆಂತ ನೋಡ್ತೀರಿ ಮೇಡಂ?"

"ಎದೆ ಪರೀಕ್ಷೆ ಅಮ್ಮ. ಮೂವತ್ತು ದಾಟಿದ ಎಲ್ಲಾ ಹೆಂಗಸ್ರಿಗೂ ಮಾಡ್ತೀವಿ. ಐದು ನಿಮಿಷ ಅಷ್ಟೆ."

"ನಂಗೆ ಐವತ್ಮೂರು. ಮೊಮ್ಮಗು ಬಂದಾಯ್ತು. ಇನ್ನೆಂತ ಇರುತ್ತೆ ಅಲ್ಲಿ ನೋಡಕ್ಕೆ!"

"ವಯಸ್ಸಾದ ಹಾಗೇ ಜಾಸ್ತಿ ನೋಡ್ಬೇಕಾಗೋದು. ಸೆರಗು ತೆಗೀರಿ, ನಾಚಿಕೆ ಬೇಡ. ನಾನೂ ನಿಮ್ಮ ಮಗಳ ಥರಾನೇ."

ಸೌಜನ್ಯ ಮೊದಲು ಕಣ್ಣಿನಲ್ಲೇ ನೋಡಿದಳು: ಚರ್ಮ ಎಲ್ಲಾದರೂ ಒಳಗೆಳೆದಿದೆಯಾ, ತೊಟ್ಟು ಒಳಸೇರಿದೆಯಾ, ಏನಾದರೂ ಸೋರುತ್ತಿದೆಯಾ ಎಂದು. ಆಮೇಲೆ ಮೂರು ಬೆರಳುಗಳ ಮೆತ್ತನೆಯ ಭಾಗದಿಂದ ಸುತ್ತ ಒತ್ತುತ್ತಾ ಕಂಕುಳಿನವರೆಗೂ ಬಂದಳು. ಬಲಗಡೆಯಲ್ಲಿ ಅವಳ ಬೆರಳು ನಿಂತಿತು.

"ಇದು ಎಷ್ಟು ದಿನದಿಂದ ಇದೆ ಅಮ್ಮ?"

"ಅದಾ? ನಮ್ಮನೆಯವ್ರ ಲಗೇಜ್ ಆಟೊದ ಬಾಗಿಲು ತಾಗಿದ್ದು. ಮೂರ್ನಾಲ್ಕು ತಿಂಗಳಾಯ್ತು. ನೋವಿಲ್ಲ ಎಂತ ಇಲ್ಲ."

"ನೋವಿದ್ದಿದ್ರೆ ನೀವೇ ಮೊದ್ಲೇ ಬರ್ತಿದ್ರಿ. ನೋವಿಲ್ಲದ ಗಂಟನ್ನೇ ನಾವು ಬಿಡಬಾರದು."

ಪೆಟ್ಟು ಬಿದ್ದರೆ ಇಂಥ ಗಂಟು ಹುಟ್ಟುವುದಿಲ್ಲ, ಪೆಟ್ಟು ಬಿದ್ದಾಗ ಕೈ ಅಲ್ಲಿಗೆ ಹೋಗಿ ಮೊದಲೇ ಇದ್ದ ಗಂಟು ಗೊತ್ತಾಗುತ್ತದೆ ಎಂದು ಸೌಜನ್ಯ ಬಿಡಿಸಿ ಹೇಳಿದಳು. ಎದೆಯಲ್ಲಿ ಕಾಣಿಸುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಮುಟ್ಟಿ ನೋಡಿ ಯಾರಿಗೂ ಹೇಳಲಾಗದು. ಹಾಗೆಂದು ಸಾಗರದ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಳು. ಗುತ್ಯಮ್ಮ ಚೀಟಿಯನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಎರಡು ದಿನ ಅದು ಅಲ್ಲೇ ಇತ್ತು. ಮೂರನೆಯ ದಿನ ಸೌಜನ್ಯಳೇ ಫೋನ್ ಮಾಡಿ, "ಹೋದ್ರಾ ಅಮ್ಮ?" ಎಂದಳು. ನಾಲ್ಕನೆಯ ದಿನವೂ ಮಾಡಿದಳು. ಐದನೆಯ ದಿನ ಗುತ್ಯಮ್ಮನ ಗಂಡ ಜಟ್ಟಪ್ಪ, "ಈ ಹುಡುಗಿ ಬಿಡೋಳಲ್ಲ, ನಡಿ" ಎಂದು ಆಟೊ ತೆಗೆದ.

ಸಾಗರದವರು ಶಿವಮೊಗ್ಗಕ್ಕೆ ಕಳಿಸಿದರು. ಶಿವಮೊಗ್ಗದಲ್ಲಿ ಎದೆಯ ಎಕ್ಸ್‌ರೇ ತರಹದ ಮ್ಯಾಮೊಗ್ರಾಂ ಮಾಡಿದರು, ಸ್ಕ್ಯಾನಿಂಗ್ ಮಾಡಿದರು, ಕೊನೆಗೆ ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ವರದಿ ಬಂತು. ಕ್ಯಾನ್ಸರ್ ಹೌದಾಗಿತ್ತು.

ಹೊಸನಗರ ತಾಲ್ಲೂಕಿನ ಹುಂಚಕ್ಕೆ ಮದುವೆಯಾಗಿ ಹೋಗಿದ್ದ ಮಗಳು ಸುಪ್ರಿಯಾ ಆ ದಿನ ಜೊತೆಗಿದ್ದಳು. ಜಟ್ಟಪ್ಪನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಗುತ್ಯಮ್ಮ ಮಾತ್ರ ನೇರವಾಗಿ ಕೇಳಿದಳು. "ಪೂರ್ತಿ ತೆಗೀತೀರಾ ಡಾಕ್ಟ್ರೇ?"

ಆ ಡಾಕ್ಟರಮ್ಮ ಕಾಗದದ ಮೇಲೆ ಒಂದು ಗೋಲ ಬರೆದು ತೋರಿಸಿದರು. "ಬೇಗ ಬಂದಿದ್ದೀರಿ, ಗಂಟು ಇನ್ನೂ ಸಣ್ಣದು. ಪೂರ್ತಿ ತೆಗಿಯೋದೇನೂ ಬೇಡ. ಗಂಟು, ಅದರ ಸುತ್ತ ಸ್ವಲ್ಪ ಭಾಗ, ಮತ್ತೆ ಕಂಕುಳಿನ ಗ್ರಂಥಿಗಳು. ಆಮೇಲೆ ಕೀಮೊ ಔಷಧಿ. ಅದಾದ್ಮೇಲೆ ರೇಡಿಯೇಷನ್, ಅಂದ್ರೆ ಕಿರಣ ಕೊಡೋದು. ಒಂದು ಮಾತು ನೆನಪಿಟ್ಕೊಳ್ಳಿ. ಎದೆ ಉಳಿಸಿಕೊಂಡ್ರೆ ಕಿರಣ ಆಗ್ಲೇಬೇಕು. ಕಣ್ಣಿಗೆ ಕಾಣದ ಚೂರು ಒಳಗೆ ಉಳಿದಿದ್ರೆ ಅದನ್ನ ಸಾಯ್ಸೋದು ಅದು. ಅದನ್ನ ಬಿಟ್ರೆ ಗಂಟು ಮತ್ತೆ ಬರೋ ಸಾಧ್ಯತೆ ಜಾಸ್ತಿ."

"ಆಯ್ತು," ಎಂದಳು ಗುತ್ಯಮ್ಮ. ಸುಪ್ರಿಯಾ ಬಾಗಿಲ ಬಳಿ ನಿಂತು ಅಳು ನುಂಗಿಕೊಳ್ಳುತ್ತಾ, "ನಂಗೂ ಬರುತ್ತಾ ಡಾಕ್ಟ್ರೇ?" ಎಂದಳು. ತಾಯಿಗೆ ಬಂದಿದ್ದರೆ ಮಗಳಿಗೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ಬಂದೇ ಬರುತ್ತದೆ ಎಂದಲ್ಲ. ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರ ಮನೆಯಲ್ಲಿ ಹಿಂದೆ ಯಾರಿಗೂ ಬಂದಿರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಿನ್ನ ಎದೆ ಹೇಗಿದೆ ಎಂಬುದು ನಿನಗೆ ಗೊತ್ತಿರಲಿ, ಬದಲಾವಣೆ ಕಂಡರೆ ತಡಮಾಡದೆ ಬಾ, ಯಾವ ವಯಸ್ಸಿನಿಂದ ಮ್ಯಾಮೊಗ್ರಾಂ ಮಾಡಿಸಬೇಕೆಂದು ನಾವೇ ಹೇಳುತ್ತೇವೆ ಎಂದರು. ಸುಪ್ರಿಯಾ ಅದನ್ನು ಮೊಬೈಲಿನಲ್ಲಿ ಬರೆದುಕೊಂಡಳು.

ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ಖರ್ಚು ಸರ್ಕಾರಿ ಆರೋಗ್ಯ ಕಾರ್ಡಿನಲ್ಲೇ ನಡೆಯಿತು. ಎಲ್ಲವೂ ಸರಿಯಾಗಿ ಹೋಗುತ್ತಿದೆ ಎನ್ನುವಾಗ ಮನೆಯಲ್ಲಿ, ಪ್ರೀತಿಯಿಂದಲೇ, ಒಂದು ತಪ್ಪು ಶುರುವಾಯಿತು.

ಜಟ್ಟಪ್ಪನ ಅಕ್ಕ ತುಂಗಮ್ಮ ಪಕ್ಕದ ಮನೆಯಲ್ಲೇ ಇರುವುದು. ಅರವತ್ತೊಂದು ವರ್ಷ. ಊರಿನ ಅರ್ಧ ಮಕ್ಕಳ ತಾಯಂದಿರಿಗೆ ಬಾಣಂತನ ಮಾಡಿದವಳು ಅವಳು. ಹಸಿಮೈಯ ಹೆಂಗಸನ್ನು ಹೇಗೆ ನೋಡಿಕೊಳ್ಳಬೇಕೆಂಬುದು ಅವಳಿಗೆ ಗೊತ್ತಿದ್ದಷ್ಟು ಹಾರೆಕೊಪ್ಪದಲ್ಲಿ ಇನ್ನಾರಿಗೂ ಗೊತ್ತಿಲ್ಲ. ತಮ್ಮನ ಹೆಂಡತಿ ಆಸ್ಪತ್ರೆಯಿಂದ ಗಾಯದೊಂದಿಗೆ ಬಂದದ್ದನ್ನು ಕಂಡು ಅವಳು ಹಿಂದೆ ಮುಂದೆ ಯೋಚಿಸಲಿಲ್ಲ. ಮೂಲೆಯ ಕೋಣೆಯಲ್ಲಿ ಮಂಚ ಹಾಕಿಸಿದಳು. ಕಾಳುಮೆಣಸು, ಬೆಳ್ಳುಳ್ಳಿ ಸಾರು ಮಾಡಿದಳು. ಹಳೆಯ ಹತ್ತಿ ಸೀರೆಯನ್ನು ಹರಿದು ಬಾಣಂತಿಗೆ ಸೊಂಟ ಕಟ್ಟುವ ಹಾಗೆ, ಬಲಗೈಯನ್ನು ಮಡಿಸಿ ಎದೆಗೆ ಸೇರಿಸಿ ಮೆತ್ತಗೆ ಕಟ್ಟಿದಳು.

"ಅತ್ಗೆ, ನಾನೆಂತ ಹೆತ್ತಿದೀನಾ?" ಎಂದಳು ಗುತ್ಯಮ್ಮ.

"ಹೆತ್ತಿದ್ರೆ ಮೂರು ತಿಂಗಳಿಗೆ ಬಿಡ್ತಿದ್ದೆ. ಇದು ಅದಕ್ಕಿಂತ ದೊಡ್ಡದು ಮಾರಾಯ್ತಿ. ಕೈ ಅಲ್ಲಾಡ್ಸಿದ್ಯೋ ನೋಡು!"

ಆಸ್ಪತ್ರೆಯಲ್ಲಿ ಕೊಟ್ಟ ಸೂಚನೆಯ ಕಾಗದವೂ ತುಂಗಮ್ಮನ ಮಾತನ್ನೇ ಹೇಳುತ್ತಿರುವ ಹಾಗೆ ಅವರಿಗೆ ಕಂಡಿತು. ಬಲಗೈಗೆ ಭಾರ ಹೊರಿಸಬಾರದು, ಸೂಜಿ ಚುಚ್ಚಿಸಬಾರದು, ಬಿಪಿ ನೋಡಿಸಬಾರದು, ಗಾಯ ಮಾಡಿಕೊಳ್ಳಬಾರದು, ಬಿಗಿ ಬಳೆ ಹಾಕಬಾರದು ಎಂದು ಅದರಲ್ಲಿತ್ತು. ಕಂಕುಳಿನ ಗ್ರಂಥಿ ತೆಗೆದಿರುವುದರಿಂದ ಕೈ ಊದದಿರಲಿ ಎಂದು ಬರೆದದ್ದು ಅದು. ಜಟ್ಟಪ್ಪ ಬಹಳ ಜೋಪಾನದ ಮನುಷ್ಯ. ಕಾಗದ ಕಳೆದುಹೋಗಬಾರದೆಂದು, ಎಲ್ಲರಿಗೂ ಕಾಣಲೆಂದು, ಅದಕ್ಕೆ ಗಂಜಿ ಹಚ್ಚಿ ಬೀರುವಿನ ಬಾಗಿಲಿಗೆ ಬಿಗಿಯಾಗಿ ಅಂಟಿಸಿಬಿಟ್ಟ. ಕಾಗದಕ್ಕೆ ಹಿಂಬದಿಯೂ ಇತ್ತು. ಅಲ್ಲಿ ಚಿತ್ರಗಳಿದ್ದವು. ಗಂಜಿ ಹಚ್ಚುವಾಗ ಜಟ್ಟಪ್ಪನಿಗೆ ಅವು ಆಸ್ಪತ್ರೆಯ ಜಾಹೀರಾತಿನ ಹಾಗೆ ಕಂಡಿದ್ದವು.

ನವೆಂಬರಿನಿಂದ ಇಪ್ಪತ್ತೊಂದು ದಿನಕ್ಕೊಮ್ಮೆಯಂತೆ ಆರು ಸಲ ಕೀಮೊ ನಡೆಯಿತು. ಕೂದಲು ಉದುರಿತು. ಬಾಯಿಗೆ ರುಚಿ ಇಲ್ಲವಾಯಿತು. ಡ್ರಿಪ್ ಹಾಕಿಸಿಕೊಂಡು ಬಂದ ಮೇಲೆ ನಾಲ್ಕು ದಿನ ಏಳಲಾಗುತ್ತಿರಲಿಲ್ಲ, ಐದನೆಯ ದಿನಕ್ಕೆ ಗಂಜಿ ಬೇಕೆನಿಸುತ್ತಿತ್ತು. ಪ್ರತಿ ಸಲವೂ ಅಲ್ಲಿ ಯಾರಾದರೂ, "ಕೈ ನೋಡ್ಕೊಳ್ತಿದ್ದೀರಾ?" ಎಂದು ಕೇಳುತ್ತಿದ್ದರು. ಜೊತೆಗೆ ಹೋಗುತ್ತಿದ್ದ ತುಂಗಮ್ಮ, "ಹ್ಞೂಂ, ಬಾಳ ಜೋಪಾನ ಮಾಡ್ತಿದೀವಿ" ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಗಾಯ ಒಣಗಿ ಕಟ್ಟು ಬಿಚ್ಚಿದ ಮೇಲೂ ಗುತ್ಯಮ್ಮ ಬಲಗೈಯನ್ನು ಬಾಗಿಸಿ ಹೊಟ್ಟೆಯ ಮೇಲಿಟ್ಟುಕೊಂಡೇ ಓಡಾಡುತ್ತಿದ್ದಳು. ಊಟ ಮಾಡುವುದು ಬಿಟ್ಟರೆ ಆ ಕೈಗೆ ಬೇರೆ ಕೆಲಸವೇ ಇರಲಿಲ್ಲ.

ಮಾರ್ಚ್ ಕೊನೆಯಲ್ಲಿ ಕಿರಣದ ಅಳತೆ ತೆಗೆಯಲು ಕರೆದರು. ಗುತ್ಯಮ್ಮನನ್ನು ಕಿರಿದಾದ ಹಲಗೆಯ ಮೇಲೆ ಮಲಗಿಸಿ ಅಲ್ಲಿಯ ಹುಡುಗ ಹೇಳಿದ. "ಬಲಗೈ ತಲೆ ಮೇಲೆ ಎತ್ತಿ ಅಮ್ಮ. ಹಿಂದೆ ಈ ಹಿಡಿಕೆ ಇದೆ ನೋಡಿ, ಅದನ್ನ ಹಿಡ್ಕೊಳ್ಳಿ."

ಅವಳು ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಮತ್ತೆ ಎತ್ತಿದಳು. ಹಣೆಯಲ್ಲಿ ಬೆವರು ಬಂತೇ ಹೊರತು ಕೈ ಮೇಲೆ ಹೋಗಲಿಲ್ಲ. ಹುಡುಗ ಮೊಣಕೈ ಹಿಡಿದು ಸ್ವಲ್ಪ ಸಹಾಯ ಮಾಡಿದ. ಗುತ್ಯಮ್ಮ ಕಿರುಚಿದಳು.

ಡಾಕ್ಟರಮ್ಮ ಬಂದು ನೋಡಿದರು. "ಭುಜ ಹಿಡ್ಕೊಂಡ್ಬಿಟ್ಟಿದೆ. ವ್ಯಾಯಾಮ ಮಾಡ್ತಿರಲಿಲ್ವಾ?"

"ಎಂತ ವ್ಯಾಯಾಮ?" ಎಂದಳು ತುಂಗಮ್ಮ.

ಕೈ ಪೂರ್ತಿ ಮೇಲೆ ಹೋಗಿ ಹತ್ತು ಹದಿನೈದು ನಿಮಿಷ ಅಲುಗಾಡದೆ ನಿಲ್ಲಬೇಕು. ಇಲ್ಲದಿದ್ದರೆ ಕಿರಣ ಎಲ್ಲಿ ಬೀಳಬೇಕೋ ಅಲ್ಲಿ ಬೀಳುವುದಿಲ್ಲ. ಕೀಮೊ ಮುಗಿದ ಮೇಲೆ ಬಹಳ ದಿನ ಕಾಯುವ ಹಾಗೂ ಇಲ್ಲ. ಡಾಕ್ಟರಮ್ಮ ಕ್ಯಾಲೆಂಡರ್ ನೋಡಿ ಏಪ್ರಿಲ್ ಇಪ್ಪತ್ತರ ದಿನಾಂಕ ಹಾಕಿದರು. ಮೂರು ವಾರ. ಸಾಗರದಲ್ಲಿ ಫಿಸಿಯೋಥೆರಪಿಗೆ ಹೋಗಿ, ಮನೆಯಲ್ಲಿ ದಿನಾ ಮೂರು ಹೊತ್ತು ಕೈ ಎತ್ತಿ, ಅಷ್ಟರೊಳಗೆ ಈ ಭುಜ ಬಿಡಬೇಕು ಎಂದರು.

ವಾಪಸು ಬರುವ ಬಸ್ಸಿನಲ್ಲಿ ತುಂಗಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆನಂದಪುರ ದಾಟಿದ ಮೇಲೆ, "ನಾನೇ ಕಟ್ಟಿದ್ದು ಗುತ್ಯಮ್ಮ" ಎಂದಳು. ಗುತ್ಯಮ್ಮನ ಎಡಗೈ ಬಲಭುಜವನ್ನು ಒತ್ತುತ್ತಲೇ ಇತ್ತು.

ಮರುದಿನ ಸೌಜನ್ಯ ಮನೆಗೆ ಬಂದಳು. ಸೂಚನೆ ಕಾಗದ ಎಲ್ಲಿ ಎಂದು ಕೇಳಿದ್ದಕ್ಕೆ ಜಟ್ಟಪ್ಪ ಹೆಮ್ಮೆಯಿಂದ ಬೀರುವನ್ನು ತೋರಿಸಿದ. ಸೌಜನ್ಯ ಅದನ್ನು ಓದಿ, ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಲು ನೋಡಿದಳು. ಬರಲಿಲ್ಲ.

"ಎಂತದು ಹಚ್ಚಿದೀರಿ ಅಪ್ಪ ಇದಕ್ಕೆ?"

"ಗಂಜಿ. ನಮ್ಮ ಸೊಸೈಟಿ ಅಕ್ಕಿದು, ಗಟ್ಟಿ ಹಿಡಿಯುತ್ತೆ."

"ನಿಮ್ಮ ಹೆಂಡ್ತಿ ಭುಜಕ್ಕೂ ಅದನ್ನೇ ಹಚ್ಚಿದ ಹಾಗಿದೆ," ಎಂದಳು ಸೌಜನ್ಯ.

ಬಟ್ಟೆ ಒದ್ದೆ ಮಾಡಿ ಒತ್ತಿ ಒತ್ತಿ ಕಾಗದ ಬಿಡಿಸಿದರು. ಹಿಂಬದಿಯಲ್ಲಿ ಆರು ಚಿತ್ರಗಳಿದ್ದವು. ಮೂರನೆಯದರಲ್ಲಿ ಒಬ್ಬ ಹೆಂಗಸು ಗೋಡೆಯ ಮುಂದೆ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ಇರುವೆ ನಡೆದ ಹಾಗೆ ಮೇಲೆ ಮೇಲೆ ಹತ್ತಿಸುತ್ತಿದ್ದಳು. ಅದನ್ನು ಆಪರೇಷನ್ ಆದ ವಾರದಲ್ಲೇ ಶುರು ಮಾಡಬೇಕಿತ್ತು. ಜಟ್ಟಪ್ಪ ಹೊರಗೆ ಹೋಗಿ ಆಟೊದ ಸೀಟಿನ ಮೇಲೆ ಕೂತುಬಿಟ್ಟ.

ಗುತ್ಯಮ್ಮ ಎರಡು ದಿನ ಗೋಡೆಗೆ ಬೆರಳು ಹತ್ತಿಸಿದಳು. ಹತ್ತು ಸಲ ಹೇಳಿದರೆ ನಾಲ್ಕು ಸಲಕ್ಕೆ ಸಾಕೆನಿಸುತ್ತಿತ್ತು. ಖಾಲಿ ಗೋಡೆಯ ಮುಂದೆ ನಿಂತು ಬೆರಳಾಡಿಸುವುದು ಅವಳಿಗೆ ಹುಚ್ಚು ಹಿಡಿದವರ ಕೆಲಸದ ಹಾಗೆ ಕಾಣುತ್ತಿತ್ತು. ಮೂರನೆಯ ದಿನ ಸೌಜನ್ಯ ಬಂದಾಗ ಪಕ್ಕದ ಮನೆಯಲ್ಲಿ ಜೋರು ಮಾತು ನಡೆಯುತ್ತಿತ್ತು. ತುಂಗಮ್ಮನ ಮಗ ಪೂರ್ಣೇಶನ ಮದುವೆ ಮೇ ತಿಂಗಳಲ್ಲಿ. ಅವನು ಸಾಗರದ ಅಂಗಡಿಯೊಂದರಲ್ಲಿ ಹಸೆ ಚಿತ್ತಾರವನ್ನು ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸಿಕೊಂಡು ಬಂದಿದ್ದ. ಮೂಲೆಯಲ್ಲಿ ಅಂಗಡಿಯ ಫೋನ್ ನಂಬರೂ ಇತ್ತು.

"ಹಸೆ ಮುಂದೆ ಕೂತ್ಕೊಂಡು ಫೋನ್ ಮಾಡ್ತೀಯನಾ ಅವ್ನಿಗೆ?" ತುಂಗಮ್ಮ ಕೇಳುತ್ತಿದ್ದಳು.

"ಅತ್ತೆ ಕೈ ಎತ್ತಕ್ಕಾಗಲ್ಲ ಅಂತ ನೀನೇ ಹೇಳಿದ್ದಲ್ವಾ ಅವ್ವ? ಮತ್ತೆಂತ ಮಾಡ್ಲಿ?"

ಗುತ್ಯಮ್ಮನ ಜೊತೆ ಅಲ್ಲಿಗೆ ಬಂದ ಸೌಜನ್ಯ ಬಾಗಿಲಲ್ಲಿ ನಿಂತು ತುಂಗಮ್ಮನ ಜಗಲಿಯ ಗೋಡೆಯನ್ನು ನೋಡಿದಳು. ಆಮೇಲೆ ಗುತ್ಯಮ್ಮನ ಕಡೆ ತಿರುಗಿದಳು.

"ಅಮ್ಮ, ಹಸೆ ಬರೆಯೋವಾಗ ಕೈ ಹೇಗೆ ಹೋಗುತ್ತೆ? ಒಂದ್ಸಲ ತೋರ್ಸಿ."

ಗುತ್ಯಮ್ಮ ಎಡಗೈಯಲ್ಲಿ ತೋರಿಸಿದಳು: ಕೆಳಗಿನಿಂದ ಮೇಲೆ, ಪಕ್ಕಕ್ಕೆ, ಮತ್ತೆ ಮೇಲೆ.

"ಇದೇ ವ್ಯಾಯಾಮ. ಬೇರೆ ಎಂತ ಬೇಕು? ಕುಂಚ ಏನು ಭಾರಾನಾ?"

"ನಾರಿಗೆಂತ ಭಾರ! ಆದ್ರೆ ಮೊದ್ಲು ಚೌಕ ಬರೀಬೇಕು ಮೇಡಂ. ಮೇಲಿನ ಎಳೆ ಇಲ್ದೆ ಒಳಗೆ ಕೈ ಹಾಕಂಗಿಲ್ಲ. ಅಲ್ಲಿಗೆ ನನ್ನ ಕೈ ಎಟುಕಲ್ಲ."

"ಕೆಳಗಿಂದ ಶುರು ಮಾಡಿ. ಮೇಲಿನದು ಕೊನೆಗೆ."

"ಚೌಕ ಕೊನೆಗಾ?" ಗುತ್ಯಮ್ಮ ನಕ್ಕೇಬಿಟ್ಟಳು. "ನಮ್ಮತ್ತೆ ಇದ್ದಿದ್ರೆ ಕುಂಚ ಕಿತ್ಕೊಂಡು ಓಡಿಸ್ತಿದ್ಲು ನನ್ನ."

ಮಗನನ್ನು ಬಿಟ್ಟು ತುಂಗಮ್ಮ ಇತ್ತ ತಿರುಗಿದಳು. "ಅವ್ವ ಇದ್ದಿದ್ರೆ ನನ್ನನ್ನೇ ಮೊದ್ಲು ಓಡಿಸ್ತಿದ್ಲು. ಗೋಡೆ ನಂದು. ನಾನು ಕೆಮ್ಮಣ್ಣು ಬಳೀತೀನಿ, ಅಕ್ಕಿ ಅರೀತೀನಿ. ನೀನು ಎಲ್ಲಿಂದಾರು ಬರಿ. ಸುಮ್ನೆ ಬರಿ."

ಹೀಗೆ ಕ್ರಮ ಮುರಿಯಿತು. ಗುತ್ಯಮ್ಮ ಕುಂಚವನ್ನು ಹಿಡಿದು ಸೊಂಟದ ಎತ್ತರದಲ್ಲಿ ಮೊದಲ ಸಾಲು ಭತ್ತದ ತೆನೆ ಬರೆದಳು. ಎಷ್ಟೋ ತಿಂಗಳ ಮೇಲೆ ಕುಂಚ ಹಿಡಿದ ಬೆರಳಿಗೆ ಹಿಡಿತ ಸಿಗಲಿಲ್ಲ. ಎಳೆಗಳು ಒಂದರ ಮೇಲೊಂದು ಬಿದ್ದವು. ಅವಳು ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆದಳು. ಒರೆಸುವುದೂ ವ್ಯಾಯಾಮವೇ ಎಂದಳು ಸೌಜನ್ಯ. ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ವಾರಕ್ಕೆ ಎರಡು ಸಲ ಸಾಗರದ ಫಿಸಿಯೋಥೆರಪಿ. ಜಟ್ಟಪ್ಪ ದಿನಾ ಸಂಜೆ ಅವಳ ಬೆರಳು ಎಲ್ಲಿಯವರೆಗೆ ಹೋಯಿತೋ ಅಲ್ಲಿಗೆ ಗೋಡೆಯ ಅಂಚಿನಲ್ಲಿ ಇದ್ದಿಲಿನಿಂದ ಗುರುತು ಹಾಕುತ್ತಿದ್ದ. ಮೊದಲ ಐದು ಗುರುತುಗಳು ಒಂದರ ಮೇಲೊಂದರಂತೆ ಹತ್ತಿರ ಹತ್ತಿರವೇ ಇದ್ದವು.

ಸ್ಟೂಲ್ ಕೊಡಿ ಎಂದು ಗುತ್ಯಮ್ಮ ಎರಡು ಸಲ ಕೇಳಿದಳು. "ನೀವು ಸ್ಟೂಲ್ ಹತ್ತಿದ್ರೆ ಕೈ ಯಾಕೆ ಹತ್ತುತ್ತೆ?" ಎಂದು ಸೌಜನ್ಯ ಸ್ಟೂಲನ್ನೇ ಪೂರ್ಣೇಶನ ಕೋಣೆಯಲ್ಲಿ ಇಡಿಸಿದಳು.

ಆರನೆಯ ದಿನ ಭುಜದಿಂದ ಮೊಣಕೈವರೆಗೆ ಹಗ್ಗ ಎಳೆದ ಹಾಗೆ ನೋವು ಬಂತು. ಗುತ್ಯಮ್ಮ ಕುಂಚವನ್ನು ಬಟ್ಟಲಿಗೆ ಹಾಕಿ ಕೂತಳು. ಕೈ ಊದಿತೇನೋ ಎಂದು ತುಂಗಮ್ಮನ ಹೆದರಿಕೆ. ಸೌಜನ್ಯ ಟೇಪು ತಂದು ಎರಡೂ ತೋಳುಗಳ ಸುತ್ತಳತೆ ತೆಗೆದು, ಮುಟ್ಟಿ ನೋಡಿ ಹೇಳಿದಳು.

"ಊತ ಇಲ್ಲ. ಬಿಗಿಯಾಗಿದ್ದ ಸ್ನಾಯು ಹಿಗ್ತಾ ಇದೆ, ಅದ್ರ ನೋವು. ಕೈ ಭಾರ ಅನ್ನಿಸಿದ್ರೆ, ಉಂಗುರ ಬಿಗಿಯಾದ್ರೆ, ಕೆಂಪಾಗಿ ಬಿಸಿ ಆದ್ರೆ ಆಗ ನಿಲ್ಸಿ, ನಂಗೆ ಹೇಳಿ. ಈಗ ಒಂದು ಹೊತ್ತು ಬಿಡಿ, ನಾಳೆ ಮತ್ತೆ."

ಸಂಜೆ ಹೊತ್ತಿಗೆ ನೆಂಟರ ಪೈಕಿ ಸರೋಜ ಬಂದಿದ್ದಳು. ಗೋಡೆ ನೋಡಿದಳು, ಗುತ್ಯಮ್ಮ ಒಳಗೆ ಹೋಗುವವರೆಗೆ ಕಾದಳು, ಆಮೇಲೆ ತುಂಗಮ್ಮನ ಹತ್ತಿರ ಮೆಲ್ಲಗೆ, "ಅಲ್ಲ ತುಂಗಕ್ಕ, ಕ್ಯಾನ್ಸರ್ ಆದೋಳ ಕೈಯಲ್ಲಿ ಮದುವೆ ಹಸೆ ಬರೆಸೋದಾ? ಏನಾದ್ರೂ ತಾಗಿದ್ರೆ?" ಎಂದಳು.

ತುಂಗಮ್ಮ ಮೆಲ್ಲಗೆ ಮಾತಾಡುವವಳಲ್ಲ. "ಮುಟ್ಟಿದ್ರೆ ತಾಗೋ ಕಾಯಿಲೆ ಅಲ್ಲ ಕಣೆ ಅದು! ಆರು ತಿಂಗಳಿಂದ ಅವಳ ಜೊತೆ ಉಂಡಿದೀನಿ, ಅವಳ ಬಟ್ಟೆ ಒಗ್ದಿದೀನಿ. ನನ್ನಿಂದ ಅವಳಿಗೆ ತೊಂದ್ರೆ ಆಯ್ತೇ ಹೊರತು ಅವಳಿಂದ ನಂಗೆಂತ ಆಗಿಲ್ಲ. ನಿನ್ನ ಮದುವೆ ಹಸೆ ಬರೆದಿದ್ದು ಯಾವ ಕೈ? ಇದೇ ಕೈ. ಹೆದ್ರಿಕೆ ಇದ್ರೆ ಮದುವೆ ದಿನ ಊಟದ ಹೊತ್ತಿಗೆ ಬಾ, ಹಸೆ ಹತ್ರ ಬರ್ಬೇಡ."

ಒಳಗೆ ಗುತ್ಯಮ್ಮನಿಗೆ ಎಲ್ಲವೂ ಕೇಳಿಸಿತ್ತು. ಮರುದಿನ ಬೆಳಿಗ್ಗೆ ಅವಳು ತುಂಗಮ್ಮ ಕರೆಯುವ ಮೊದಲೇ ಗೋಡೆಯ ಮುಂದೆ ನಿಂತಿದ್ದಳು.

ಒಂಬತ್ತನೆಯ ದಿನದ ನಂತರ ಜಟ್ಟಪ್ಪನ ಇದ್ದಿಲ ಗುರುತುಗಳ ನಡುವಿನ ಅಂತರ ಹೆಚ್ಚಾಗತೊಡಗಿತು. ಜೋಗಿಜಡೆ ಗಲ್ಲದ ಎತ್ತರಕ್ಕೆ ಬಂತು. ಬಾಸಿಂಗ ಕಣ್ಣಿನ ಎತ್ತರ ದಾಟಿತು. ಬರೆಯುವಾಗ ಹಾಡುವ ಹಸೆ ಹಾಡನ್ನು ಗುತ್ಯಮ್ಮ ಹದಿಮೂರನೆಯ ದಿನ ತನಗೇ ತಿಳಿಯದೆ ಗುನುಗಿದಳು. ಅಕ್ಕಿ ಅರೆಯುತ್ತಿದ್ದ ತುಂಗಮ್ಮ ಕೈ ನಿಲ್ಲಿಸಿ ಕೇಳಿ, ಮತ್ತೆ ಅರೆದಳು. ಅಕ್ಕಪಕ್ಕದ ಹೆಂಗಸರು ನೋಡಲು ಬರುತ್ತಿದ್ದರು. ಬಂದವರಿಗೆ ಸೌಜನ್ಯ ಏನೂ ಭಾಷಣ ಮಾಡಲಿಲ್ಲ. ಗುತ್ಯಮ್ಮನೇ, "ನಂದು ಹುಣಸೆ ಬೀಜದಷ್ಟಿತ್ತು, ನೋವೇ ಇರಲಿಲ್ಲ. ನೀವೂ ಸ್ನಾನ ಮಾಡೋವಾಗ ಒಂದ್ಸಲ ಕೈಯಾಡ್ಸಿ ನೋಡ್ಕೊಳ್ರೆ" ಎನ್ನುತ್ತಿದ್ದಳು. ಕುಂಚ ಗೋಡೆಯ ಮೇಲೆ ಹೋಗುತ್ತಲೇ ಇರುತ್ತಿತ್ತು.

ಏಪ್ರಿಲ್ ಹತ್ತೊಂಬತ್ತು. ಮರುದಿನ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡಬೇಕು. ಒಳಗಿನದೆಲ್ಲ ಮುಗಿದಿತ್ತು. ಕೆಳಗಿನ ಎಳೆ, ಎರಡೂ ಪಕ್ಕದ ಎಳೆಗಳು ಮುಗಿದಿದ್ದವು. ಮೇಲಿನದು ಮಾತ್ರ ಬಾಕಿ. ಅದರ ಜಾಗ ಅವಳ ನೆತ್ತಿಗಿಂತ ಒಂದು ಗೇಣು ಮೇಲೆ. ಜಟ್ಟಪ್ಪ ದಾರ ಹಿಡಿದು ಕೆಮ್ಮಣ್ಣಿನ ಮೇಲೆ ತೆಳ್ಳಗೆ ಗೆರೆ ಒತ್ತಿಕೊಟ್ಟ. ಸುಪ್ರಿಯಾ ಮಗುವನ್ನೆತ್ತಿಕೊಂಡು ಹುಂಚದಿಂದ ಬಂದಿದ್ದಳು. ಪೂರ್ಣೇಶ ಫ್ಲೆಕ್ಸನ್ನು ಸುತ್ತಿ ಅಟ್ಟಕ್ಕೆ ಎಸೆದಿದ್ದ.

ಗುತ್ಯಮ್ಮ ಕುಂಚ ಅದ್ದಿಕೊಂಡು ಎಡ ಮೂಲೆಯಲ್ಲಿ ನಿಂತಳು. ಕೈ ಎತ್ತಿದಳು. ಭುಜದಲ್ಲಿ ಏನೋ ಚಟ್ ಎಂದಿತು. ನಿಂತಳು. ಮತ್ತೆ ಎತ್ತಿದಳು, ಕುಂಚದ ತುದಿ ಗೆರೆಗೆ ತಾಗಿತು. ಉಸಿರು ಬಿಗಿಹಿಡಿದು ಅವಳು ಗೋಡೆಯ ಉದ್ದಕ್ಕೂ ಹೆಜ್ಜೆ ಹೆಜ್ಜೆಯಾಗಿ ಸರಿದಳು. ಬಲ ಮೂಲೆಗೆ ಇನ್ನು ಒಂದು ಮೊಳ ಇದೆ ಎನ್ನುವಾಗ ಕೈ ನಡುಗಿ ಎಳೆ ಕೆಳಗೆ ಬಾಗಿತು. ಕುಂಚವನ್ನು ಎತ್ತಲಿಲ್ಲ. ಬಾಗಿದ ಎಳೆಯನ್ನೇ ಹಿಡಿದುಕೊಂಡು ಮೂಲೆ ಸೇರಿಸಿದಳು.

"ಸೊಟ್ಟ ಆಯ್ತು," ಎಂದಳು, ಏದುಸಿರಿನಲ್ಲೇ.

"ಸೇರ್ತಲ್ಲ," ಎಂದ ಜಟ್ಟಪ್ಪ.

ಮರುದಿನ ಆಸ್ಪತ್ರೆಯಲ್ಲಿ ಅದೇ ಹಲಗೆ, ಅದೇ ಹುಡುಗ. "ನಿಧಾನ ಅಮ್ಮ, ಎಷ್ಟಾಗುತ್ತೋ ಅಷ್ಟು" ಎಂದ. ಗುತ್ಯಮ್ಮನ ಕೈ ಭುಜ ದಾಟಿತು, ಕಿವಿ ದಾಟಿತು, ತಲೆಯ ಹಿಂದೆ ಹೋಗಿ ಹಿಡಿಕೆಯನ್ನು ಹಿಡಿದುಕೊಂಡಿತು. ಆದರೆ ಅವಳಿಗೆ ಎತ್ತುವುದಕ್ಕಿಂತ ಕಷ್ಟವಾದದ್ದು ಹಾಗೇ ಹಿಡಿದುಕೊಂಡಿರುವುದು. ಎಲ್ಲರೂ ಹೊರಗೆ ಹೋದರು. ಬಾಗಿಲು ಮುಚ್ಚಿತು. ಯಂತ್ರ ಗುಂಯ್ ಎಂದು ಅವಳ ಸುತ್ತ ತಿರುಗಿತು. ಕಂಕುಳಲ್ಲಿ ಹಗ್ಗ ಎಳೆದ ಹಾಗಾಗುತ್ತಿತ್ತು. ಗುತ್ಯಮ್ಮ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಒಂದು ಹೊಸ ಗೋಡೆಗೆ ಕೆಮ್ಮಣ್ಣು ಬಳಿದು, ಹಸೆ ಬರೆಯತೊಡಗಿದಳು. ಈ ಸಲ ಅತ್ತೆಯ ಕ್ರಮದಲ್ಲಿ, ಚೌಕ ಮೊದಲು. ಜೋಗಿಜಡೆಯ ನಾಲ್ಕನೆಯ ಸಾಲಿನಲ್ಲಿದ್ದಾಗ ಬಾಗಿಲು ತೆರೆಯಿತು.

"ಆಯ್ತಮ್ಮ. ಒಂಚೂರೂ ಅಲ್ಲಾಡಲಿಲ್ಲ ನೀವು. ಹೋದ ಸಲ ಬಂದಾಗ ಕೈ ಇಷ್ಟೂ ಮೇಲೆ ಬರ್ತಿರಲಿಲ್ಲ. ಯಾರ ಹತ್ರ ಫಿಸಿಯೋ ಮಾಡಿಸಿದ್ರಿ?"

"ಸಾಗರದಲ್ಲಿ ಸ್ವಲ್ಪ," ಎಂದಳು ಗುತ್ಯಮ್ಮ. "ಉಳಿದಿದ್ದು ನಮ್ಮತ್ಗೆ ಮನೆ ಗೋಡೆ."

ಅಳತೆಯಾದ ಮೇಲೆ ಹದಿನೈದು ದಿನ ಕಿರಣ ನಡೆಯಿತು, ಭಾನುವಾರ ಬಿಟ್ಟು. ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಂಡು, ದಿನಾ ಹೋಗಿ ಬಂದಳು. ಎದೆಯ ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಕಪ್ಪಾಗಿ, ಆಮೇಲೆ ಮೆಲ್ಲಗೆ ತಿಳಿಯಾಗತೊಡಗಿತು. ಇನ್ನು ಕೆಲವು ವರ್ಷ ದಿನಕ್ಕೊಂದು ಮಾತ್ರೆ, ಹೇಳಿದಾಗ ಪರೀಕ್ಷೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ. ಮತ್ತೆ ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾಗದು, ಆದರೆ ಈಗ ಮಾಡಬೇಕಾದ್ದನ್ನೆಲ್ಲ ಮಾಡಿದ್ದೇವೆ ಎಂದರು ಡಾಕ್ಟರಮ್ಮ. ಗುತ್ಯಮ್ಮನಿಗೆ ಅಷ್ಟು ಸಾಕಾಗಿತ್ತು. ತಲೆಯ ಮೇಲೆ ಬೆಳ್ಳನೆಯ ಮೋಟು ಕೂದಲು ಬರತೊಡಗಿತ್ತು.

ಮೇ ಕೊನೆಯ ವಾರ ಪೂರ್ಣೇಶನ ಮದುವೆ. ಮದುಮಕ್ಕಳು ಹಸೆಯ ಮುಂದೆ ಕೂತರು. ಸರೋಜ ಊಟದ ಹೊತ್ತಿಗೆ ಅಲ್ಲ, ಮುಂಚೆಯೇ ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದಳು. ಸೌಜನ್ಯ ರೇಷ್ಮೆ ಸೀರೆಯುಟ್ಟು ಬಂದವಳು ಗೋಡೆಯನ್ನೇ ನೋಡುತ್ತಾ, "ಆ ಮೇಲಿನ ಎಳೆ ಹಾಗೇ ಇದೆಯಲ್ಲಾ ಅಮ್ಮ. ಈಗ ಕೈ ಚೆನ್ನಾಗಿ ಹೋಗುತ್ತೆ, ಸರಿ ಮಾಡಬಹುದಿತ್ತಲ್ವಾ?" ಎಂದಳು.

"ಒರೆಸಕ್ಕೆ ಹೋಗಿದ್ದೆ. ಅತ್ಗೆ ಬಟ್ಟೆ ಕಿತ್ಕೊಂಡ್ಲು," ಎಂದಳು ಗುತ್ಯಮ್ಮ.

ತುಂಗಮ್ಮ ವೀಳ್ಯದ ತಟ್ಟೆ ಹಿಡಿದು ಅಲ್ಲೇ ಓಡಾಡುತ್ತಿದ್ದಳು. ಎರಡು ಸಲ ಸೌಜನ್ಯಳ ಮುಂದೆಯೇ ಹಾದುಹೋದಳು. ಮೂರನೆಯ ಸಲ ನಿಂತಳು. ಊರಿನ ಹೆಂಗಸರ ಹಸಿಮೈಯನ್ನೆಲ್ಲ ತಿಕ್ಕಿ ತೊಳೆದವಳು, ತನ್ನ ಮೈಯನ್ನು ಅರವತ್ತೊಂದು ವರ್ಷದಲ್ಲಿ ಯಾವ ಡಾಕ್ಟರಿಗೂ ತೋರಿಸಿದವಳಲ್ಲ.

"ಮೇಡಂ, ಆ ಪರದೆ ಹಿಂದೆ ನೋಡ್ತೀರಲ್ಲ, ಅದು ಯಾವತ್ತು?"

"ಗುರುವಾರ, ಬೆಳಿಗ್ಗೆ ಹತ್ತಕ್ಕೆ."

"ಐದೇ ನಿಮಿಷ ತಾನೆ?"

"ಐದೇ ನಿಮಿಷ."

ತುಂಗಮ್ಮ ತಟ್ಟೆಯನ್ನು ಗುತ್ಯಮ್ಮನ ಬಲಗೈಗೆ ಕೊಡಲು ಹೋದವಳು, ನೆನಪಾಗಿ, ಎಡಗೈಗೆ ಕೊಟ್ಟಳು. "ನೀನೂ ಬಾರೆ ಜೊತೆಗೆ," ಎಂದಳು. "ನಂಗೆ ಒಬ್ಳಿಗೇ ನಾಚಿಕೆ."